ಬೆಲ್ಲದ ಮಂಡಿಯ ಟ್ಯೂನು

ವಿಶಾಖಪಟ್ಟಣದ ನೌಕಾಪಡೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತನಾಗಿ ಅಲ್ಲೇ ನೆಲೆಸಿದ ಹಾಸನದ ಹಿರಿಯಣ್ಣನನ್ನು ಯಾರಾದರೂ ಸಂಗೀತ ನಿರ್ದೇಶಕರೇ ಎಂದು ಕರೆದರೆ, ಅಂದು ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಾನೆ. ಅವನ ಹಾಡುಗಳು ಸಿನಿಮಾದವಲ್ಲ. ಸೀರೆ ಅಂಗಡಿ, ಸೀಗೆಪುಡಿ, ವಿಜಯವಾಡದ ಹಲ್ಲುಪುಡಿ ಎಂದು ಆಟೋದ ಮೈಕಿನಲ್ಲಿ ಬೀದಿ ಸುತ್ತುವ ಜಾಹೀರಾತಿನವು. ಪಿಂಚಣಿ ಅಕ್ಕಿಗಾಯಿತು, ಮಿಕ್ಕ ಸಂಸಾರವೆಲ್ಲ ನಡೆಯುವುದು ಹಳೆಯ ಟ್ಯೂನಿಗೆ ವರ್ಷ ವರ್ಷ ಹೊಸ ಮಾತು ಕೂಡಿಸಿ ಅದೇ ಅಂಗಡಿಗೆ ಮಾರುವುದರಿಂದ. ಹೊಸ ಟ್ಯೂನಾದರೆ ಹಾರ್ಮೋನಿಯಂ ಮುಂದೆ ಕೂತೇ ಸರಿಯಾಯಿತೆಂದು ಒಪ್ಪುವವನಲ್ಲ. ಕಿಟಕಿಗೆ ಕಟ್ಟಿದ ಮೈಕಿನಲ್ಲಿ ಕ್ಯಾಸೆಟ್ ಹಾಕಿ, ತಾನು ಬೀದಿಯ ತುದಿಗೆ ಹೋಗಿ ಮೀನು ಮಾರುವವರ ಗದ್ದಲದ ನಡುವೆ ನಿಲ್ಲುತ್ತಾನೆ. ಅಲ್ಲಿಗೆ ಕೇಳಿಸದ ಸ್ವರ ಅವನ ಪಾಲಿಗೆ ದಂಡ. "ಕಛೇರಿಗೆ ಜನ ಬರ್ತಾರೆ. ನಮ್ಮ ಹಾಡೇ ಜನರ ಹತ್ರ ಹೋಗ್ಬೇಕಂಡಿ," ಎನ್ನುತ್ತಾನೆ. ತೆಲುಗಿನ ಆ ಮರ್ಯಾದೆಯ ‘ಅಂಡಿ’ಯನ್ನು ಅವನು ಹೆಂಡತಿಯ ಹತ್ತಿರ ಜಗಳವಾಡುವಾಗಲೂ ಬಿಡುವುದಿಲ್ಲ. ಈಚೆಗೆ ನೇವಿ ಕ್ವಾರ್ಟರ್ಸಿನ ಕನ್ನಡದವರೊಬ್ಬರ ಮನೆಯಲ್ಲಿ ನಾಮಕರಣ. ಬಾಣಂತಿ ಅನಸೂಯಾ ತೊಟ್ಟಿಲು ತೂಗುತ್ತ ಕನ್ನಡದಲ್ಲಿ ಜೋಗುಳ ಹಾಡಿದಳು. ಮಾತು ಜೋಗುಳದ್ದೇ, ಟ್ಯೂನು ಮಾತ್ರ ಹಿರಿಯಣ್ಣ ಅನಕಾಪಲ್ಲಿಯ ಬೆಲ್ಲದ ಮಂಡಿಗೆ ಮಾಡಿಕೊಟ್ಟದ್ದು. ಊಟಕ್ಕೆ ಹೋಗಿದ್ದ ಅವನು, ಎಲ್ಲಿ ಕಲಿತೆಯಮ್ಮ ಎಂದು ಕೇಳಿದ. "ನೆನಪಿಲ್ಲ ಮಾಮ, ತುಂಬಾ ಹಳೇ ಹಾಡಿರ್ಬೇಕು," ಎಂದಳು. ಹಿರಿಯಣ್ಣ ತಲೆಯಾಡಿಸಿ ಇನ್ನೊಂದು ಲೋಟ ಪಾಯಸ ಕೇಳಿದ. ಮರುವಾರ ಮಂಡಿಯ ಸಾಹುಕಾರ ಬಂದು, ಸಂಕ್ರಾಂತಿಗೆ ಈ ಸಲವೂ ಅದೇ ಟ್ಯೂನು ಸಾಕು ಎಂದಾಗ, ಅವನು ಕೈಮುಗಿದು ಹೊಸದಕ್ಕೆಂದು ಹಾರ್ಮೋನಿಯಂ ತೆರೆದ. "ಅದು ನನ್ನದಲ್ಲಂಡಿ. ನಮ್ಮ ಕಡೆ ತುಂಬಾ ಹಳೇ ಜೋಗುಳ."