ಬಾಯಲ್ಲಿ ಹಿಡಿದ ಹಾಲು

೧೯೬೬ರ ಬೇಸಿಗೆ, ಮುಂಜಾನೆ ಎಂಟರ ಸುಮಾರು. ಕಲ್ಲೋಳಿ ಶಾಲೆಯ ಎರಡನೇ ಮೆಟ್ಟಿಲ ಮೇಲೆ, ಹಾಲಿನ ಹಂಡೆಯ ಬಲಕ್ಕೆ ನಾನು ನಿಂತಿದ್ದೆ. ಅಲ್ಲಿಂದ ಸರದಿಯಲ್ಲಿದ್ದ ಪ್ರತಿಯೊಂದು ಮುಖವೂ ಕಾಣುತ್ತಿತ್ತು.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಪಂಥ ಬೇರೆಯಾದ ಎರಡು ಚರ್ಚ್ ಸಂಸ್ಥೆಗಳು ನಮ್ಮ ಭಾಗದಲ್ಲಿ ಕೂಡಿ ಕೆಲಸಕ್ಕಿಳಿದಿದ್ದವು. ಹೊರದೇಶದ ಚರ್ಚುಗಳು ಕಳಿಸಿದ ಹಾಲಿನ ಪುಡಿ ನಮ್ಮ ಸಂಸ್ಥೆಯದು. ನರ್ಸ್ ಮತ್ತು ಔಷಧ ಇನ್ನೊಂದರದು. ನಾನು ಗೋಕಾಕದ ಉಗ್ರಾಣದಲ್ಲಿ ಗುಮಾಸ್ತ, ಹಂಚಿಕೆ ನೋಡಿಕೊಳ್ಳಲು ಬಂದಿದ್ದೆ. ಮೊದಲು ಮನೆಗೆ ಕೊಟ್ಟ ಪುಡಿ ಸಂತೆಯಲ್ಲಿ ಮಾರಾಟವಾಗಿದ್ದರಿಂದ ನಾವೊಂದು ನಿಯಮ ಮಾಡಿದ್ದೆವು: ಹಾಲನ್ನು ಅಲ್ಲೇ ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ. ಊರಲ್ಲಿ ಗೋವರ, ಅಂದರೆ ದಡಾರ, ಹಬ್ಬಿದ್ದರಿಂದ ನರ್ಸ್ ಸುಶೀಲಾಬಾಯಿಯವರ ಸಂಸ್ಥೆ ಇನ್ನೊಂದು ಮಾಡಿತ್ತು: ಗೋವರ ಎದ್ದ ಮಕ್ಕಳನ್ನು ಸರದಿಗೆ ತರಬಾರದು. ಎರಡೂ ಸರಿಯಾದ ನಿಯಮಗಳೇ.

ಹತ್ತು ವರ್ಷದ ಯಲ್ಲವ್ವ ಲೋಟ ಖಾಲಿ ಮಾಡಿ ಹೊರಟಳು. ಕೆನ್ನೆ ಉಬ್ಬಿತ್ತು. ಹೆಸರು ಕೇಳಿದೆ, ತುಟಿ ಬಿಗಿದು ತಲೆ ತಗ್ಗಿಸಿದಳು.

“ಗೌಡರ ಸೊಸಿ ಆಗ್ಯಾಳ್ರಿ ಸಾಹೇಬ್ರ, ಎಲ್ಲಾರ ಕೂಡ ಮಾತಾಡೂದಿಲ್ಲ,” ಎಂದಳು ಹಿಂದಿದ್ದ ಹೆಂಗಸೊಬ್ಬಳು. ಎಲ್ಲರೂ ನಕ್ಕರು.

ಬಾಯಲ್ಲಿ ಹಾಲಿದೆ ಎಂದು ತಿಳಿದು ನನಗೆ ಸಿಟ್ಟು ಬಂತು. “ನುಂಗ,” ಎಂದೆ. ತಲೆ ಅಲ್ಲಾಡಿಸಿದಳು. “ನುಂಗಿದ್ರ ಅಷ್ಟ ನಾಳೆ ಹಾಲ ಸಿಗ್ತೈತಿ.”

ನುಂಗಿದಳು. ಆಮೇಲೆ, ಅಳದೆ, ಹೇಳಿದಳು: “ನಮ್ಮ ತಮ್ಮಗ ಗೋವರ ಎದ್ದೈತ್ರಿ. ಅವನ್ನ ತರಬ್ಯಾಡ ಅಂತ ನರ್ಸ್ ಬಾಯಾರು ಅಂತಾರ. ಹಾಲ ಒಯ್ಯಬ್ಯಾಡ ಅಂತ ನೀವ ಅಂತೀರಿ. ನಾಕ ದಿನದಿಂದ ಹಿಂಗ ಬಾಯಾಗ ಒಯ್ದ ಕುಡಿಸಾಕತ್ತೇನ್ರಿ.”

ಹಂಡೆಯಿಂದ ಹಾಲು ಹಾಕುತ್ತಿದ್ದ ಸುಶೀಲಾಬಾಯಿ ಕೈಲಿದ್ದ ಸೌಟು ಕೆಳಗಿಟ್ಟರು. ನಾನು ತಂಬಿಗೆ ತುಂಬಿಕೊಂಡು ಹುಡುಗಿಯ ಹಿಂದೆ ನಡೆದೆ. ಮೂರು ವರ್ಷದ ಆ ಮಗು ಎರಡು ಗುಟುಕು ಕುಡಿದು ಮುಖ ಹೊರಳಿಸಿತು. ಮರುದಿನ ಸಂಜೆ ತೀರಿಕೊಂಡಿತು. ನಾನು ನುಂಗಿಸಿದ ಆ ಒಂದು ಬಾಯಿ ಹಾಲಿನಿಂದ ಅದು ಉಳಿಯುತ್ತಿರಲಿಲ್ಲ ಎಂದು ಸುಶೀಲಾಬಾಯಿ ಹೇಳಿದರು. ಇರಬಹುದು. ಅದಕ್ಕೂ ಮುಂಚಿನ ನಾಲ್ಕು ದಿನ ನಮ್ಮ ಹಂಡೆ ತುಂಬಿಯೇ ಇತ್ತು ಎಂಬುದೂ ನಿಜ.

ಆ ವಾರವೇ ಎರಡೂ ಸಂಸ್ಥೆಯವರು ಗೋಕಾಕದಲ್ಲಿ ಕೂತು ಎರಡೂ ನಿಯಮಗಳನ್ನು ಒಟ್ಟಿಗೆ ಓದಿದರು. ಮುಂದೆ ಗೋವರದ ಮನೆಗಳಿಗೆ ಹಾಲನ್ನು ನಾವೇ ಒಯ್ದೆವು, ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ. ನೌಕರಿ ಮುಗಿಯುವವರೆಗೆ, ಯಾವ ನಿಯಮ ಕೈಗೆ ಬಂದರೂ, ಸರದಿಗೆ ಬರಲಾಗದವರು ಯಾರು ಎಂದೇ ನಾನು ಮೊದಲು ಕೇಳುತ್ತಿದ್ದೆ.

ಅಂದು ಅದನ್ನು ಕಂಡವರಲ್ಲಿ, ನಾನು ಬಲ್ಲಂತೆ, ನನ್ನನ್ನು ಬಿಟ್ಟು ಇಬ್ಬರು ಬದುಕಿದ್ದಾರೆ. ಸುಶೀಲಾಬಾಯಿ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಯಲ್ಲವ್ವ ಕಲ್ಲೋಳಿಯಲ್ಲೇ ಇದ್ದಾಳೆ.