ಧರ್ಮಾಸ್ಪತ್ರೆಯ ಸೀಸೆ

ಕಿಕ್ಕೇರಿ ಬಿಟ್ಟ ಮೇಲೆ ನಮ್ಮ ಬಸ್ಸು ಟೀಗೆಂದು ನಿಂತದ್ದು ಸರ್ಕಾರಿ ಆಸ್ಪತ್ರೆಯೊಂದರ ಎದುರಿಗೆ. ಈ ಕಡೆಯವರು ಅದನ್ನು ಇನ್ನೂ ಧರ್ಮಾಸ್ಪತ್ರೆ ಎಂದೇ ಕರೆಯುತ್ತಾರೆ. ಔಷಧಿ ಧರ್ಮಕ್ಕೆ, ಸೀಸೆ ಮಾತ್ರ ನಾವೇ ಒಯ್ಯಬೇಕು. ಅದಕ್ಕೇ ಟೀ ಅಂಗಡಿಯವನು ಬನ್ನುಗಳ ಪಕ್ಕದಲ್ಲೇ ತೊಳೆದ ಬ್ರಾಂದಿ ಸೀಸೆಗಳನ್ನೂ ಮಾರಾಟಕ್ಕಿಟ್ಟಿದ್ದ.

ಅಂಥದೊಂದು ಸೀಸೆ ಕೊಂಡು ಒಳಗೆ ಹೋಗಿದ್ದ ಹೆಂಗಸು ನಾನು ಟೀ ಮುಗಿಸುವಷ್ಟರಲ್ಲಿ ಹೊರಬಂದಳು. ಸೀಸೆ ಖಾಲಿಯೇ ಇತ್ತು.

"ಯಾಕವ್ವಾ, ಕೊಡ್ನಿಲ್ವಾ?" ಎಂದ ಅಂಗಡಿಯವನು.

"ಸ್ಟಾಕಿಲ್ವಂತೆ. ಪ್ಯಾಟೆ ಅಂಗ್ಡೀಲಿ ತಕೊಳ್ಳಿ ಅಂತಾವ್ರೆ. ಅಂಗ್ಡೀಲಿ ತಕೊಳ್ಳೋರಾಗಿದ್ರೆ ಇಲ್ಲಿಗ್ಯಾಕ್ ಬತ್ತಿದ್ವಿ?"

ಆಸ್ಪತ್ರೆಯ ಜಗಲಿಯ ಮೇಲೆ ಅವಳ ಗಂಡ ಕಂಬಳಿ ಹೊದ್ದು, ಜ್ವರಕ್ಕೆ ನಡುಗುತ್ತ, ಕಣ್ಣು ಮುಚ್ಚಿ ಕೂತಿದ್ದ. ಅವನ ತಲೆಯ ಮೇಲಿನ ಗೋಡೆಯಲ್ಲಿ 'ಎರಡು ಸಾವಿರದ ಇಸವಿಗೆ ಎಲ್ಲರಿಗೂ ಆರೋಗ್ಯ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇನ್ನೂ ಎಂಟು-ಹತ್ತು ವರ್ಷ ಟೈಮಿದೆ, ಬಿಡಿ.

ಅವಳು ಸೀಸೆಯನ್ನು ಒಲೆಯ ಪಕ್ಕ ಇಟ್ಟಳು. "ಇದ್ರೊಳೀಕೆ ಒಸಿ ಟೀ ಡಿಕಾಕ್ಸನ್ ಉಯ್ಯಪ್ಪ."

ಅವನು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ.

"ಸಕ್ರೆ ಬ್ಯಾಡ ಕಣಪ್ಪ. ಸೀಯಾಗಿದ್ರೆ ಔಸ್ದಿ ಅಂತ ನಮ್ಮ ಯಜಮಾನ್ರು ನಂಬಾಕಿಲ್ಲ."