ಮೆಟ್ಟಿಲ ಮೇಲಿನ ಕೆಂಪು ಗುರುತು

ಬೆಳಿಗ್ಗೆ ಪೇಪರ್ ಹಿಡಿದು ಕೂತಿದ್ದಾಗ ಕಿಟಕಿಯಿಂದ ಬಿಸಿ ಡಾಂಬರಿನ ವಾಸನೆ ಬಂತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಎದ್ದು ಹೋಗಿ ಮತ್ತೆ ತೆಗೆದೆ. ಮೂವತ್ತು ವರ್ಷ ಈ ಊರಿನ ಬೀದಿಗಳನ್ನು ಅಗೆಸಿ, ಮುಚ್ಚಿಸಿ, ಮತ್ತೆ ಅಗೆಸಿ ನಿವೃತ್ತನಾದ ಇಂಜಿನಿಯರು ನಾನು. ಒಂದು ಕಾಲಕ್ಕೆ ಈ ವಾಸನೆ ಬಂದರೆ ಕೆಲಸ ಮುಗಿಯಿತೆಂದು ಹಸಿವಾಗುತ್ತಿತ್ತು. ಈಗ ಮುಂದಿಟ್ಟ ತಿಂಡಿ ಹಾಗೇ ಉಳಿಯುತ್ತದೆ. ಆದರೂ ರಾಮಕೃಷ್ಣನಗರದ ನಮ್ಮ ರಸ್ತೆಗೆ ಎಷ್ಟು ದಪ್ಪ ಹಾಕುತ್ತಿದ್ದಾರೆ ಎಂದು ನೋಡದೆ ಇರಲಾರೆ.

ಎಲ್ಲಿಗೆ ಹೋದರೂ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡುವುದು ನನ್ನ ಚಟ. ಬೆಟ್ಟಕ್ಕೆ ಹೋದರೆ ಇವರ ಮೊದಲ ನಮಸ್ಕಾರ ಚರಂಡಿಗೆ, ಆಮೇಲೆ ಚಾಮುಂಡಿಗೆ ಎಂದು ಹೆಂಡತಿ ಹಂಗಿಸುತ್ತಾಳೆ. ಮದುವೆಮನೆಯಲ್ಲಿ ಎಲೆಯ ಮೇಲಿನ ಸಾರು ಎತ್ತ ಓಡಿತೆಂದು ನೋಡಿ ಛತ್ರದ ನೆಲದ ಇಳಿಜಾರು ಹೇಳಿ, ಪಕ್ಕದವರ ಊಟ ಕೆಡಿಸಿದ್ದೂ ಉಂಟು. ಇಷ್ಟೆಲ್ಲ ಬಲ್ಲ ನಾನು ಅಗ್ರಹಾರದ ಒಂದು ಬೀದಿಯಲ್ಲಿ ನೀರಿಗೆ ತಪ್ಪು ದಾರಿ ತೋರಿಸಿದೆ. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹನ್ನೆರಡು ವರ್ಷವಾಗಿರಬೇಕು. ಆ ಬೀದಿಯ ರಸ್ತೆ, ಚರಂಡಿ ಎರಡನ್ನೂ ಹೊಸದಾಗಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎತ್ತರ ಅಳೆಯುವ ಯಂತ್ರವಿಟ್ಟು ಒಂದು ಕಣ್ಣು ಮುಚ್ಚಿ ನಿಂತರೆ, ಫೋಟೋ ತೆಗೆಯುತ್ತಾರೆಂದು ಜನ ತಲೆ ಬಾಚಿಕೊಂಡು ಎದುರಿಗೆ ಬರುತ್ತಿದ್ದರು. ಈ ಅಳತೆಗೆ ಅಲುಗಾಡದ ಒಂದು ಗುರುತು ಬೇಕು. ಬೀದಿಯ ಉಳಿದ ಎತ್ತರ ತಗ್ಗುಗಳನ್ನೆಲ್ಲ ಅದರಿಂದಲೇ ಎಣಿಸುವುದು. ಒಂದು ವಠಾರದಲ್ಲಿ ಬೀದಿಗಿದ್ದ ಮೊದಲ ಮನೆಗೆ ಒಳ್ಳೆ ಕಲ್ಲಿನ ಮೆಟ್ಟಿಲಿತ್ತು. ಅದರ ಮೇಲೆ ಕೆಂಪು ಪೇಂಟಿನಲ್ಲಿ ಗುರುತು ಹಾಕಿದೆ.

ಆ ಮನೆಯಲ್ಲಿ ಬಾಡಿಗೆಗಿದ್ದವರು ಮಾದೇವಮ್ಮ, ನಂಜನಗೂಡು ಕಡೆಯವರು. ಬಾಗಿಲ ಬೆಳಕಿಗೆ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಗಂಡ ಶಿವಣ್ಣ ಆಟೋ ಓಡಿಸುತ್ತಿದ್ದವರು. ಐವತ್ತಕ್ಕೇ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮಂಚದಿಂದ ಉರುಳಿಬಿಟ್ಟಾರೆಂದು ನೆಲದ ಮೇಲೇ ಹಾಸಿಗೆ, ಬೀದಿ ಕಾಣಲೆಂದು ಬಾಗಿಲ ಪಕ್ಕದಲ್ಲೇ. ಆಟೋ ಸದ್ದು ಕೇಳಿದರೆ ಸಾಕು, ಯಾರದೆಂದು ಅವರಿಗೆ ತಿಳಿಯುತ್ತಿತ್ತು. ಗೆಳೆಯರದಾದರೆ ಎಡಗೈ ಎತ್ತುತ್ತಿದ್ದರು, ಅತ್ತ ಕಡೆಯಿಂದ ಹಾರನ್ ಬರುತ್ತಿತ್ತು.

ಈ ಕಲ್ಲು ಅಲ್ಲಾಡದ ಹಾಗೆ ನೋಡಿಕೊಳ್ಳಿ, ಇಡೀ ಬೀದಿ ಇದನ್ನೇ ನಂಬಿದೆ ಎಂದು ನಾನು ಮಾದೇವಮ್ಮನವರಿಗೆ ಹೇಳಿದೆ. ಮಾತಿಗೆ ಹೇಳಿದ್ದು, ಅವರು ಮನಸ್ಸಿಗೆ ತೆಗೆದುಕೊಂಡರು. ಆ ಮೆಟ್ಟಿಲಿಗೆ ಪೊರಕೆ ಕೂಡ ಮೆಲ್ಲಗೆ ತಾಗುತ್ತಿತ್ತು. ರಂಗೋಲಿ ಪಕ್ಕಕ್ಕೆ ಸರಿಯಿತು. ಅದರ ಮೇಲೆ ಸಿಮೆಂಟು ಬಾಂಡಲಿ ಇಟ್ಟ ಕೆಲಸದವನೊಬ್ಬನಿಗೆ ಅವರು ಮಾಡಿದ ಮಂಗಳಾರತಿಯನ್ನು ಬೀದಿಯೇ ಕೇಳಿತಂತೆ. ನಾನು ಹೋದಾಗಲೆಲ್ಲ ಕಾಫಿ ಕೊಟ್ಟು, ನಿಮ್ಮ ಗುರುತು ಹುಷಾರಾಗಿದೆ ಎಂದು ವರದಿ ಒಪ್ಪಿಸುತ್ತಿದ್ದರು.

ನನ್ನ ನಕ್ಷೆಯ ಪ್ರಕಾರ ಹೊಸ ರಸ್ತೆ ಆ ಮೆಟ್ಟಿಲಿಗಿಂತ ಅರ್ಧ ಅಡಿ ಕೆಳಗಿರಬೇಕಿತ್ತು. ಅದಕ್ಕೆ ಹಳೆಯ ರಸ್ತೆಯನ್ನು ಪೂರ್ತಿ ಅಗೆದು ತೆಗೆಯಬೇಕು. ಅಷ್ಟರಲ್ಲಿ ದಸರಾ ಹತ್ತಿರ ಬಂತು. ನವರಾತ್ರಿಗೆ ಮೊದಲು ಮುಗಿಯದಿದ್ದರೆ ನಿಮ್ಮನ್ನೇ ಹೊಣೆ ಮಾಡುತ್ತೇವೆ ಎಂದು ಮೇಲಿನವರು ದಿನಕ್ಕೆರಡು ಸಲ ಫೋನ್ ಮಾಡತೊಡಗಿದರು. ಗುತ್ತಿಗೆದಾರ ತಲೆ ಕೆರೆದುಕೊಂಡು ಹೇಳಿದ: “ಅಗೆದ್ರೆ ನೀರಿನ ಪೈಪು ಒಡೀತದೆ ಸಾರ್, ಇನ್ನೊಂದ್ ತಿಂಗಳು ಹಿಡೀತದೆ. ಹಳೇದ್ರ ಮೇಲೇ ಹಾಕ್ಬುಡೋಣ.”

ಆಗಲಿ ಎಂದೆ. ನನ್ನದೇ ಪೆನ್ನಿನಿಂದ ನಕ್ಷೆಯ ಅಂಕಿ ತಿದ್ದಿದೆ. ಬೀದಿಯ ನೀರೆಲ್ಲ ಆ ವಠಾರದ ಬಾಗಿಲಿಗೆ ಬರುತ್ತದೆ ಎಂದು ತಿದ್ದುವಾಗಲೇ ಕಂಡಿತ್ತು. ಚರಂಡಿ ಇದೆಯಲ್ಲ, ಎಳೆದುಕೊಳ್ಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಜಲ್ಲಿ ಹಾಕುವ ದಿನ ಮಾದೇವಮ್ಮ ಹೊಲಿಗೆ ಬಿಟ್ಟು ಎದ್ದು ಬಂದು ಕೇಳಿದರು: “ಏನ್ ಸಾ, ರಸ್ತೆ ನಮ್ ಮೆಟ್ಲುಗಿಂತ ಎತ್ರ ಆಗೋಯ್ತದಲ್ಲ, ಮಳೆ ಬಂದ್ರೆ ಎಂಗೆ?” ನೋಡೋಣಮ್ಮ, ಎಲ್ಲ ಸರಿಹೋಗುತ್ತೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನಿಜ ಹೇಳಿದರೆ ಬೀದಿಯವರು ಸೇರಿ ಕೆಲಸ ನಿಲ್ಲಿಸುತ್ತಾರೆಂಬ ಭಯ. ಅವರು ತಲೆಯಾಡಿಸಿ ಒಳಗೆ ಹೋದರು. ನನ್ನ ಮೇಲೆ ಅವರಿಗೆ ನಂಬಿಕೆಯಿತ್ತು. ಗೋಡೆಯಿಂದ ಗೋಡೆಗೆ ಡಾಂಬರು ಬಿತ್ತು, ಮೆಟ್ಟಿಲು ಮುಚ್ಚಿಹೋಯಿತು, ರಸ್ತೆ ಹೊಸ್ತಿಲಿಗೆ ಬಂದು ಕೂತಿತು. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮುಗಿಸಿದನೆಂದು ಕಚೇರಿಯಲ್ಲಿ ನನ್ನ ಬೆನ್ನು ತಟ್ಟಿದರು.

ದಸರಾ ಮುಗಿದ ಮೇಲೆ ಚಿತ್ತೆ ಮಳೆ ಬಂತು. ಒಂದು ಮಧ್ಯಾಹ್ನ ಮಾದೇವಮ್ಮ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಸುರಿದ ಮಳೆಗೆ ಚರಂಡಿ ತುಂಬಿ, ನೀರು ಹೊಸ್ತಿಲು ದಾಟಿತು. ಅವರು ಮಳೆಯಲ್ಲಿ ಸಿಕ್ಕಿ ವಾಪಸು ಬರಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಶಿವಣ್ಣ ಚರಂಡಿ ನೀರಿನಲ್ಲಿ ಮಲಗಿದ್ದರು. ಏಳುವಂತಿಲ್ಲ, ಕೂಗುವಂತಿಲ್ಲ, ವಠಾರದವರೆಲ್ಲ ಕೆಲಸಕ್ಕೆ ಹೋಗಿದ್ದರು. ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ತಲೆಯನ್ನಷ್ಟೇ ಎತ್ತಿಕೊಂಡಿದ್ದರಂತೆ. ಮರುದಿನ ಜ್ವರ, ಎದೆಯಲ್ಲಿ ಕಫ. ದೊಡ್ಡಾಸ್ಪತ್ರೆಗೆ ಸೇರಿಸಿದ ಎಂಟನೆಯ ದಿನ ತೀರಿಕೊಂಡರು.

ನನಗೆ ಸುದ್ದಿ ತಲುಪಿದ್ದು ತಡವಾಗಿ. ಹೋದಾಗ ಮಾದೇವಮ್ಮ ಮಿಷನ್ ಮುಂದೆ ಸುಮ್ಮನೆ ಕೂತಿದ್ದರು. ಬಯ್ಯುತ್ತಾರೆಂದು ಸಿದ್ಧನಾಗಿಯೇ ಹೋಗಿದ್ದೆ. ಬಯ್ಯಲಿಲ್ಲ.

“ಗುರುತಿಗೇನೂ ಆಗ್ಲಿಲ್ಲ ಸಾ,” ಎಂದರು. “ಡಾಂಬರು ಕೆಳಗೆ ಅಂಗೇ ಅದೆ.” ಮಿಷನ್ ಮೇಲಿನ ಅರ್ಧ ಹೊಲಿದ ಬಟ್ಟೆ ಪಕ್ಕಕ್ಕೆ ಸರಿಸಿ, “ಒಂದ್ ಮಾತು ಹೇಳಿದ್ರೆ ಒಳಗಡೆ ಕೋಣೇಲಿ ಮಲಗಿಸ್ಕೋತಿದ್ದೆ ಕಣ್ ಸಾ. ಅಷ್ಟೇಯ.”

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಹಾಗಿಲ್ಲ, ಮಾಡುವವನೊಬ್ಬ, ಉಣ್ಣುವವನು ಇನ್ನೊಬ್ಬ. ರಸ್ತೆ ಎತ್ತರಿಸಿದ್ದಕ್ಕೆ ದಸರಾ, ಪೈಪು, ಮೇಲಿನವರು ಎಂದು ಹತ್ತು ಕಾರಣ ಕೊಡಬಲ್ಲೆ. ಬಾಯಿ ಬಿಡದೆ ಇದ್ದದ್ದಕ್ಕೆ ಒಂದೂ ಇಲ್ಲ. ನಾನು ಕ್ಷಮೆ ಕೂಡ ಕೇಳದೆ ಎದ್ದು ಬಂದೆ. ಮುಂದಿನ ವರ್ಷ ಆ ಕಡೆ ಹೋದಾಗ ಮನೆಗೆ ಬೇರೆಯವರು ಬಂದಿದ್ದರು. ಮಾದೇವಮ್ಮ ಎಲ್ಲಿ ಹೋದರೋ ಅವರಿಗೆ ಗೊತ್ತಿರಲಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಕಿಟಕಿ ತೆಗೆದವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಡುಗಿ ಮರ್ಯಾದಸ್ಥೆ. ಹಳೆಯದನ್ನು ಅಗೆಯಲಿಲ್ಲವೇ ಎಂದು ಕೇಳಿದೆ. ಟೈಮಿಲ್ಲ ಅಂಕಲ್, ನಿಮ್ಮ ಮನೆ ಎತ್ತರದಲ್ಲಿದೆ, ನೀರೆಲ್ಲ ಆ ಕಡೆಗೇ ಹೋಗುತ್ತೆ, ನೀವು ಯೋಚನೆ ಮಾಡಬೇಡಿ ಎಂದಳು. ನಾಚಿಕೆಯಿಂದ ಹೇಳುತ್ತೇನೆ, ಮೊದಲು ನನಗೆ ಸಮಾಧಾನವೇ ಆಯಿತು. ಆಮೇಲೆ ‘ಆ ಕಡೆ’ ನೋಡಿದೆ. ಎದುರುಮನೆಯ ನೆಲ ರಸ್ತೆಗಿಂತ ಗೇಣು ತಗ್ಗು.

“ಅವರಿಗೆ ಹೇಳಿದ್ದೀರೇನಮ್ಮ?”

“ಹೇಳಿದ್ರೆ ಕೆಲಸ ನಿಲ್ಲಿಸ್ಬಿಡ್ತಾರೆ ಅಂಕಲ್.”

ಅವಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ರಸ್ತೆ ದಾಟಿ ಎದುರುಮನೆಯ ಬಾಗಿಲು ತಟ್ಟಿದೆ. ಬಾಡಿಗೆಗೆ ಬಂದು ಮೂರು ತಿಂಗಳಾಗಿರಬಹುದು, ಹೆಸರೂ ಗೊತ್ತಿಲ್ಲ. ಒಬ್ಬಾಕೆ ಕೈ ಒರೆಸಿಕೊಳ್ಳುತ್ತಾ ಬಂದರು. ಈ ಸಲ ಮಳೆ ಬಂದರೆ ನೀರು ನಿಮ್ಮ ಮನೆಯೊಳಕ್ಕೆ ಬರುತ್ತದೆ, ಈಗಲೇ ಹೋಗಿ ಕೆಲಸ ನಿಲ್ಲಿಸಿ ಎಂದೆ. ಅವರು ರಸ್ತೆ ನೋಡಿದರು, ನನ್ನನ್ನು ನೋಡಿದರು. ನಂಬಿದಂತೆ ಕಾಣಲಿಲ್ಲ.

“ನಿಮಗೆ ಹೇಗೆ ಗೊತ್ತು ಸಾರ್?”

“ಇಂಥದೇ ಒಂದು ರಸ್ತೆ ನಾನು ಮಾಡಿದ್ದೀನಮ್ಮ,” ಎಂದೆ. “ಒಬ್ಬರು ಸತ್ತುಹೋದರು.”